ಮುಂದುವರಿದ ಊರು ಎಂದರೆ ಯಾವುದು?

ಘಟ್ಟದ ಮೇಲಿನವರು ನಮ್ಮ ಜಿಲ್ಲೆಯ ಬಗ್ಗೆ ಎರಡು ಮಾತು ಆಡುತ್ತಾರೆ. ಒಂದು, ‘ನೀವು ಕರಾವಳಿಯವರು ಬಿಡಿ, ಬುದ್ಧಿವಂತರು, ಮುಂದುವರಿದವರು.’ ಇನ್ನೊಂದು, ‘ಉಡುಪಿ ಕಡೆಯವರು ಭಾರೀ ಸಂಪ್ರದಾಯಸ್ಥರಪ್ಪ!’ ಈ ಎರಡನ್ನೂ ಒಬ್ಬರೇ, ಒಂದು ಲೋಟ ಕಾಫಿ ಮುಗಿಸುವುದರೊಳಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಹೇಳಿದವರಿಗೆ ಅದರಲ್ಲಿ ವಿರೋಧ ಕಾಣಲಿಲ್ಲ. ನಮಗೂ ಸಾಮಾನ್ಯವಾಗಿ ಕಾಣುವುದಿಲ್ಲ. ಮೊದಲನೆಯದನ್ನು ಹೊಗಳಿಕೆಯೆಂದು ಒಪ್ಪಿಕೊಂಡು, ಎರಡನೆಯದನ್ನೂ ಹೊಗಳಿಕೆಯೆಂದೇ ಒಪ್ಪಿಕೊಂಡು ಮನೆಗೆ ಬರುತ್ತೇವೆ.

ಉದಾರ ವಿಚಾರದ ಪ್ರದೇಶಗಳು ಆರ್ಥಿಕವಾಗಿ ಮುಂದೆ ಬರುತ್ತವೆ, ಸಂಪ್ರದಾಯಕ್ಕೆ ಅಂಟಿಕೊಂಡವು ಹಿಂದುಳಿಯುತ್ತವೆ ಎಂದು ವಾದಿಸುವ ಪಂಡಿತರಿದ್ದಾರೆ. ಅವರು ಅಮೆರಿಕವನ್ನು ತೋರಿಸುತ್ತಾರೆ. ಅಲ್ಲಿ ಮ್ಯಾಸಚೂಸೆಟ್ಸ್‌ನಂಥ ಶ್ರೀಮಂತ ರಾಜ್ಯ ಉದಾರವಾದಿಗಳಿಗೆ ಮತ ಕೊಡುತ್ತದೆ, ಮಿಸಿಸಿಪ್ಪಿಯಂಥ ಬಡ ರಾಜ್ಯ ಸಂಪ್ರದಾಯವಾದಿಗಳಿಗೆ ಕೊಡುತ್ತದೆ. ಆದರೆ ಇದೇ ತಕ್ಕಡಿಯನ್ನು ಕರ್ನಾಟಕಕ್ಕೆ ತಂದರೆ ತಟ್ಟೆ ಅಡಿಮೇಲಾಗುತ್ತದೆ. ಜಾತಿಯನ್ನೂ ಹೆಣ್ಣು-ಗಂಡಿನ ಭೇದವನ್ನೂ ಪ್ರಶ್ನಿಸಿದ ಹನ್ನೆರಡನೆಯ ಶತಮಾನದ ವಚನಕಾರರ ನೆಲ ಕಲ್ಯಾಣದ ಸೀಮೆ. ಅದೇ ಸೀಮೆಯ ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಓದುಬರಹ ಬಲ್ಲವರು ನೂರಕ್ಕೆ ಸುಮಾರು 52 ಮಂದಿ. ಅಷ್ಟಮಠಗಳ ಉಡುಪಿಯಲ್ಲಿ 86 ಮಂದಿ. ಹಾಗಾದರೆ ಸಂಪ್ರದಾಯವೇ ಅಕ್ಷರ ಕಲಿಸಿತೇ? ಅದೂ ಅಲ್ಲ. ತಕ್ಕಡಿಯೇ ಸರಿಯಿಲ್ಲ ಎಂಬುದು ನನ್ನ ವಾದ. ಅದನ್ನು ಹೆಂಗಸರ ಕಡೆಯಿಂದ ನೋಡಿದರೆ ದೋಷ ಬೇಗ ತಿಳಿಯುತ್ತದೆ.

ಮೊದಲು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಅಂಕೆಯನ್ನೇ ತೆಗೆದುಕೊಳ್ಳೋಣ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ಇಡೀ ರಾಜ್ಯದಲ್ಲಿ 973. ಸಭೆಗಳಲ್ಲಿ ಇದನ್ನು ಹೇಳಿದಾಗ ಚಪ್ಪಾಳೆ ಬೀಳುತ್ತದೆ. ನಮ್ಮಲ್ಲಿ ಹೆಣ್ಣನ್ನು ಬಸಿರಿನಲ್ಲೇ ಹೊಸಕುವ ಪಿಡುಗು ಬೇರೆ ಕಡೆಯಷ್ಟು ಬೇರು ಬಿಡಲಿಲ್ಲ ಎಂಬುದು ನಿಜವಾದ ಹೆಮ್ಮೆಯೇ. ಆದರೆ ಆ ಅಂಕೆಯೊಳಗೆ ಇನ್ನೊಂದು ಕತೆಯೂ ಇದೆ. ಮುಂಬಯಿಯ ಹೋಟೆಲುಗಳಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದ ಗಂಡಸರು ಎಣಿಕೆಯ ದಿನ ಊರಲ್ಲಿರಲಿಲ್ಲ. ಅವರು ಕಳಿಸಿದ ಮನಿಯಾರ್ಡರಿನಲ್ಲಿ ಮನೆ ನಡೆಸಿದವರು, ಗದ್ದೆಯ ಬದು ಕಟ್ಟಿಸಿದವರು, ಮಕ್ಕಳ ಫೀಸು ಕಟ್ಟಿದವರು, ಅತ್ತೆ-ಮಾವಂದಿರ ಔಷಧಿಗೆ ಓಡಾಡಿದವರು ಇಲ್ಲಿ ಉಳಿದ ಹೆಂಗಸರು. 1094 ಎಂಬುದರಲ್ಲಿ ಸ್ವಲ್ಪ ಪಾಲು ಗೌರವ, ಸ್ವಲ್ಪ ಪಾಲು ಒಂಟಿತನ.

ಅಳಿಯಸಂತಾನದ ಮಾತೂ ಹೀಗೆಯೇ. ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ ಕುಟುಂಬ ತಾಯಿಯ ಕಡೆಯಿಂದ ಬೆಳೆಯುತ್ತಿತ್ತು. ಮಗಳು ಕುಟುಂಬಕ್ಕೆ ಹೊರೆಯಲ್ಲ, ಕುಟುಂಬ ಮುಂದುವರಿಯುವುದೇ ಅವಳಿಂದ. ಗಂಡ ಸತ್ತರೆ ಅವಳು ಬೀದಿಪಾಲಾಗುತ್ತಿರಲಿಲ್ಲ, ತರವಾಡು ಮನೆಗೆ ಮರಳುತ್ತಿದ್ದಳು. ಆದರೆ ಆಸ್ತಿಯ ಆಡಳಿತ ಬಹುತೇಕ ಯಜಮಾನನಾದ ಸೋದರಮಾವನ ಕೈಯಲ್ಲಿ. ಮನೆ ಹೆಣ್ಣಿನದು, ಬೀಗದ ಕೈ ಮಾವನದು. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ದಾರಿ ತೆರೆಯಿತು, 1956ರ ಹಿಂದೂ ವಾರಸಾ ಕಾಯಿದೆ ಬಂತು. ಇಂದು ನಮ್ಮ ಬಂಟರ ಮದುವೆಗಳಲ್ಲಿ ಹೆಣ್ಣಿನ ಮೈಮೇಲಿನ ಚಿನ್ನದ ತೂಕ ಕೇಳುವುದನ್ನು ನೋಡಿದರೆ, ಹಳೆಯ ಪದ್ಧತಿಯಲ್ಲಿ ಒಳ್ಳೆಯದಿದ್ದುದನ್ನು ಮಾತ್ರ ನಾವು ಜೋಪಾನವಾಗಿ ಕಳೆದುಕೊಂಡೆವೇನೋ ಅನಿಸುತ್ತದೆ. ‘ಸಂಪ್ರದಾಯ ಉಳಿಸಬೇಕು’ ಎನ್ನುವವರು ಈ ಸಂಪ್ರದಾಯದ ಹೆಸರೆತ್ತುವುದನ್ನು ನಾನಂತೂ ಕೇಳಿಲ್ಲ.

ಇನ್ನು ಬ್ಯಾಂಕುಗಳು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್ ಆಯಿತು. ಅದರ ಪಿಗ್ಮಿ ಯೋಜನೆ ಬಂದದ್ದು 1928ರಲ್ಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋಗುತ್ತಿದ್ದರು. ಅರ್ಥಶಾಸ್ತ್ರಜ್ಞರು ಇದನ್ನು ಸಣ್ಣ ಉಳಿತಾಯ ಎನ್ನುತ್ತಾರೆ. ನಾನು ಇದನ್ನು ಹೊಸ್ತಿಲಿನ ಬ್ಯಾಂಕು ಎನ್ನುತ್ತೇನೆ. ಬ್ಯಾಂಕಿನ ಮೆಟ್ಟಿಲು ಹತ್ತುವುದಕ್ಕೆ ಸಂಕೋಚವಿದ್ದ ಹೆಂಗಸು ಹಾಲು ಮಾರಿದ, ಮಲ್ಲಿಗೆ ಕಟ್ಟಿದ, ಮೀನು ಮಾರಿದ ಹಣವನ್ನು ಗಂಡನ ಜೇಬಿಗೂ ಅಕ್ಕಿ ಡಬ್ಬಿಗೂ ಹೋಗದಂತೆ ಉಳಿಸಿದ್ದು ಹೀಗೆ. 1962ರಲ್ಲಿ ಅದೇ ಬ್ಯಾಂಕು ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆಯನ್ನು ತೆರೆಯಿತು. ಇವನ್ನು ಕಟ್ಟಿದವರು ಕ್ರಾಂತಿಕಾರಿಗಳಲ್ಲ; ದೇವರು-ದಿಂಡರೆಂದರೆ ಭಕ್ತಿಯಿದ್ದ, ಕುಲಾಚಾರ ಬಿಡದ ವ್ಯಾಪಾರಸ್ಥರು. ಉದಾರವಾದ ಕೆಲಸ ಮಾಡಲು ಉದಾರವಾದಿಯೆಂಬ ಹಣೆಪಟ್ಟಿ ಬೇಕಿರಲಿಲ್ಲ. ಆ ಬ್ಯಾಂಕುಗಳ ಹೆಸರು 2020ರ ವಿಲೀನದಲ್ಲಿ ಅಳಿಸಿಹೋಯಿತು. ಹೆಂಗಸರ ಪಾಸ್‌ಬುಕ್ಕಿನ ಅಭ್ಯಾಸ ಮಾತ್ರ ಉಳಿದಿದೆ.

ಆ ಅಭ್ಯಾಸಕ್ಕೆ ಇನ್ನೊಂದು ಆಧಾರ ಬೀಡಿ. ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆಗಳ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹುಡುಗಿಯರನ್ನು ನೋಡುತ್ತಲೇ ನಾನು ದೊಡ್ಡವಳಾದೆ. ಸಂಜೆ ಬ್ರಾಂಚಿಗೆ ಒಯ್ದು ಲೆಕ್ಕ ಕೊಡುವುದು, ಪಿ.ಎಫ್. ಕಾರ್ಡಿನಲ್ಲಿ ತನ್ನ ಹೆಸರಿರುವುದು, ಆ ದುಡ್ಡಿನಲ್ಲಿ ತಮ್ಮನ ಕಾಲೇಜು ಮತ್ತು ತನ್ನ ಮದುವೆ. ಶ್ವಾಸಕೋಶವನ್ನು ಒತ್ತೆಯಿಟ್ಟು ಪಡೆದ ಸ್ವಾತಂತ್ರ್ಯ ಅದು. ಕಾರ್ಕಳದ ಗೇರುಬೀಜದ ಕಾರ್ಖಾನೆಗಳಲ್ಲೂ ಸಿಪ್ಪೆ ಸುಲಿಯುವ ಬೆರಳು ಹೆಂಗಸರದೇ. ನಮ್ಮ ಜಿಲ್ಲೆಯ ‘ಉದ್ಯಮಶೀಲತೆ’ಯನ್ನು ಕೊಂಡಾಡುವ ಪುಸ್ತಕಗಳಲ್ಲಿ ಹೋಟೆಲು ಕಟ್ಟಿದವರ, ಬ್ಯಾಂಕು ಕಟ್ಟಿದವರ ಭಾವಚಿತ್ರಗಳಿರುತ್ತವೆ. ಈ ಬೆರಳುಗಳ ಭಾವಚಿತ್ರವನ್ನು ನಾನೆಲ್ಲೂ ಕಂಡಿಲ್ಲ.

ರಾಜಕೀಯಕ್ಕೆ ಬರೋಣ. ಇಲ್ಲಿ ಭೂಮಿಯ ಕತೆ ಹೇಳದೆ ಏನೂ ಅರ್ಥವಾಗುವುದಿಲ್ಲ. ದೇವರಾಜ ಅರಸರ ಭೂಸುಧಾರಣೆ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿ ಒಕ್ಕಲುಗಳೇ ತುಂಬಿದ್ದ ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದು ನಿಜವಾಗಿಯೂ ನಡೆಯಿತು. ಈಗಲೂ ಇಲ್ಲಿಯವರು ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ ಎನ್ನುತ್ತಾರೆ. ಧಣಿಗಳ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರ ಮಕ್ಕಳು ಶಾಲೆಗೆ ಹೋದರು, ಮನೆಗೆ ಹೆಂಚು ಹೊದೆಸಿದರು. ಕರ್ನಾಟಕದ ಇತಿಹಾಸದಲ್ಲಿ ಇಷ್ಟು ಉದಾರವಾದ ಕಾನೂನು ಇನ್ನೊಂದಿಲ್ಲ.

ಆದರೆ ಯಾರಿಗೆ ಸಿಕ್ಕಿತು? ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿದವರಿಗೆ ಈ ಪ್ರಶ್ನೆ ತಾನಾಗಿ ಏಳುತ್ತದೆ. ತಾನೊಂದು ತುಂಡು ಗದ್ದೆ ಉಳಬೇಕೆಂದು ಚೋಮ ಆಸೆಪಟ್ಟ, ಅವನ ಜಾತಿಗೆ ಆ ಆಸೆ ನಿಷಿದ್ಧವಾಗಿತ್ತು. ಬಿ. ವಿ. ಕಾರಂತರು ಆ ಕಾದಂಬರಿಯನ್ನು ಚಲನಚಿತ್ರ ಮಾಡಿದ್ದು 1975ರಲ್ಲಿ, ಅಂದರೆ ಕಾಯಿದೆ ಬಂದ ಮರುವರ್ಷ. ಆಗಲೂ ಚೋಮನಿಗೆ ಅದರಿಂದ ಭೂಮಿ ಬರುತ್ತಿರಲಿಲ್ಲ, ಏಕೆಂದರೆ ಅವನು ಗೇಣಿದಾರನಲ್ಲ, ಬರಿಯ ಆಳು. ಅರ್ಜಿ ಹಾಕಲು ಅವನ ಬಳಿ ಗೇಣಿ ಕೊಟ್ಟ ಆಧಾರವೇ ಇಲ್ಲ. ವಿಮರ್ಶಕರು ಚೋಮನ ಬಗ್ಗೆ ಬೇಕಷ್ಟು ಬರೆದಿದ್ದಾರೆ. ನನ್ನ ಗಮನ ಅವನ ಮಗಳು ಬೆಳ್ಳಿಯ ಮೇಲೆ. ಅಪ್ಪನ ಸಾಲ ತೀರಿಸಲು ತೋಟಕ್ಕೆ ದುಡಿಯಹೋದವಳು ಅವಳು, ಆ ಸಾಲ ತೀರಿದ್ದು ಅವಳ ಮೈಯಿಂದ. ಅವಳಿಗೆ ಯಾವ ಕಾಯಿದೆಯಲ್ಲೂ ಒಂದು ಕಾಲಂ ಇರಲಿಲ್ಲ. ಗೇಣಿದಾರರ ಮನೆಗಳಲ್ಲೂ ನೇಜಿ ನೆಟ್ಟವರು, ಕಳೆ ಕಿತ್ತವರು ಹೆಂಗಸರು. ಹೆಚ್ಚಿನ ಕಡೆ ಪಹಣಿಯಲ್ಲಿ ಬಂದ ಹೆಸರು ಗಂಡಸಿನದು. ಉಳುವವನೇ ಒಡೆಯ ಎಂದಾಗ ನೆಟ್ಟವಳು ಏನು ಎಂದು ಕೇಳುವವರಿರಲಿಲ್ಲ.

ಭೂಮಿ ಪಡೆದವರು ಕೊಟ್ಟವರ ಜೊತೆ ಬಹುಕಾಲ ಉಳಿಯಲಿಲ್ಲ. ಇದನ್ನು ‘ಕೃತಘ್ನತೆ’ ಎನ್ನುವ ಹಳೆಯ ಕಾಂಗ್ರೆಸಿಗರನ್ನು ನಾನು ಬಲ್ಲೆ. ಅದು ಅಷ್ಟು ಸುಲಭದ ಮಾತಲ್ಲ. 1956ರ ತನಕ ನಮ್ಮದೇ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡನ್ನು ನೋಡಿ. ಅಲ್ಲಿನ ಕಯ್ಯೂರಿನಲ್ಲಿ ರೈತ ಹೋರಾಟಕ್ಕಾಗಿ 1943ರಲ್ಲಿ ನಾಲ್ವರು ನೇಣಿಗೇರಿದರು. ನಿರಂಜನರು ‘ಚಿರಸ್ಮರಣೆ’ ಬರೆದದ್ದು ಅವರನ್ನು ಕುರಿತು. ಅಲ್ಲಿ ಭೂಮಿಯ ಹಕ್ಕು ಹೋರಾಟದ ನೆನಪಿನೊಡನೆ ಬಂತು. ನಮ್ಮಲ್ಲಿ ಎಡಪಕ್ಷದ ಕಾರ್ಯಕರ್ತರು ದುಡಿದದ್ದು ನಿಜವಾದರೂ, ಹೆಚ್ಚಿನವರಿಗೆ ಭೂಮಿ ಬಂದದ್ದು ಒಂದು ಅರ್ಜಿಯ ಮೂಲಕ, ಟ್ರಿಬ್ಯೂನಲಿನ ಒಂದು ತೀರ್ಪಿನ ಮೂಲಕ. ಅರ್ಜಿಯಿಂದ ಬಂದದ್ದನ್ನು ಮನುಷ್ಯ ತನ್ನ ಅದೃಷ್ಟವೆಂದು ಎಣಿಸುತ್ತಾನೆ. ಆಮೇಲೆ ಅವನಿಗಿರುವುದು ಅದನ್ನು ಕಾಪಾಡಿಕೊಳ್ಳುವ ಚಿಂತೆ. ಕಾಪಾಡುವ ಚಿಂತೆಯೇ ಸಂಪ್ರದಾಯವಾದದ ಮೊದಲ ಪಾಠ.

ಹಾಗೆಂದು ಎಡಗಡೆಗೆ ವಾಲಿದ ಸೀಮೆಯಲ್ಲಿ ಹೆಣ್ಣಿನ ಬಾಳು ಹಗುರವಾಯಿತು ಎನ್ನಲಾರೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನಡೆಯುವುದು ಅದೇ ಕಾಸರಗೋಡಿನ ನದಿಯ ದಂಡೆಯಲ್ಲಿ. ನಾದಿರಾಳ ಅಪ್ಪ ತನ್ನ ಹಟಕ್ಕಾಗಿ ಮಗಳ ತಲಾಖ್ ಮಾಡಿಸುತ್ತಾನೆ. ಅವಳು ಗಂಡನನ್ನು ಮರಳಿ ಪಡೆಯಬೇಕಾದರೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆ ಅಡ್ಡ ಬರುತ್ತದೆ. ರಾಜಧಾನಿಯಲ್ಲಿ ಯಾವ ಬಾವುಟ ಹಾರುತ್ತಿತ್ತು ಎಂಬುದು ಆ ಮನೆಯೊಳಗೆ ತಲುಪಲೇ ಇಲ್ಲ. ಸಾರಾ ಅವರ ಕಾದಂಬರಿಯ ದೊಡ್ಡತನ ಇರುವುದು ಇಲ್ಲಿ. ಅದು ಖಳನನ್ನು ಹೊರಗೆ ಹುಡುಕುವುದಿಲ್ಲ, ಜಗಲಿಯಲ್ಲಿ ಕುಳಿತ ಅಪ್ಪನನ್ನೇ ತೋರಿಸುತ್ತದೆ.

ನಮ್ಮ ಉಡುಪಿಯ ರಾಜಕೀಯವೂ ಹಣೆಪಟ್ಟಿಗಳಿಗೆ ಬಗ್ಗುವುದಿಲ್ಲ. 1968ರಲ್ಲಿ ಜನಸಂಘ ಇಲ್ಲಿಯ ಪುರಸಭೆಯನ್ನು ಗೆದ್ದಿತು, ಡಾ. ವಿ. ಎಸ್. ಆಚಾರ್ಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದು ಆ ಪುರಸಭೆ. ಪ್ರಗತಿಪರರೆನಿಸಿಕೊಂಡವರ ಎಷ್ಟೋ ಊರುಗಳಲ್ಲಿ ಅದು ಮತ್ತೆ ದಶಕಗಳ ಕಾಲ ನಡೆಯಿತು. ಮರುವರ್ಷ, 1969ರಲ್ಲಿ, ಇದೇ ಉಡುಪಿಯ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನದಲ್ಲಿ ಯಾವ ಹಿಂದುವೂ ಪತಿತನಲ್ಲವೆಂಬ ನಿರ್ಣಯವಾಯಿತು. ನಿರ್ಣಯ ಒಳ್ಳೆಯದೇ. ಆದರೆ ಊಟದ ಪಂಕ್ತಿಯನ್ನು ಬೇರೆ ಮಾಡುವುದರ ವಿರುದ್ಧ ಅರ್ಧ ಶತಮಾನದ ಬಳಿಕವೂ ಇಲ್ಲಿ ಧರಣಿ ಕೂರಬೇಕಾಯಿತು. ಕಕ್ಕಸಿನ ವಿಷಯದಲ್ಲಿ ಆದ ಬದಲಾವಣೆ ಎಲೆಯ ವಿಷಯದಲ್ಲಿ ಏಕೆ ಇಷ್ಟು ನಿಧಾನ? ಮೊದಲನೆಯದು ಆಡಳಿತ, ಎರಡನೆಯದು ಮನಸ್ಸು ಎಂದಷ್ಟೇ ಹೇಳಬಲ್ಲೆ.

ಆಮೇಲಿನ ದಾರಿ ನಮಗೆ ಗೊತ್ತಿರುವುದೇ. ಮನೋರಮಾ ಮಧ್ವರಾಜ್ ಕಾಂಗ್ರೆಸ್ಸಿನಿಂದ ಶಾಸಕಿಯಾಗಿ ಸಚಿವೆಯಾದರು, 2004ರಲ್ಲಿ ಬಿಜೆಪಿಯಿಂದ ಸಂಸದೆಯಾದರು. ಒಬ್ಬರ ಜೀವನದಲ್ಲೇ ಜಿಲ್ಲೆಯ ಚರಿತ್ರೆಯಿದೆ. 2018ರಲ್ಲಿ ಮತ್ತು 2023ರಲ್ಲಿ ಜಿಲ್ಲೆಯ ಐದಕ್ಕೆ ಐದು ವಿಧಾನಸಭಾ ಸ್ಥಾನಗಳನ್ನು ಬಿಜೆಪಿ ಗೆದ್ದಿತು. ಯಾರಿಗೆ ಮತ ಕೊಡಬೇಕು ಎಂಬುದು ಅವರವರ ಇಷ್ಟ. ನಾನು ಎಣಿಸಿದ್ದು ಬೇರೆ: ಎರಡು ಸಲವೂ ಗೆದ್ದ ಐವರೂ ಗಂಡಸರು. ಸಾವಿರಕ್ಕೆ 1094 ಹೆಂಗಸರಿರುವ ಜಿಲ್ಲೆ ಇದು.

ಈ ತಿರುವಿನ ಒಳಗೇನು ನಡೆಯಿತು ಎಂಬುದನ್ನು ನನಗೆ ತಿಳಿಸಿದ್ದು ಯಾವ ಸಮೀಕ್ಷೆಯೂ ಅಲ್ಲ, ಒಂದು ಚಲನಚಿತ್ರ. ಮಣಿಪಾಲದಲ್ಲಿ ನೆಲೆಸಿರುವ ಕುಂದಾಪುರದ ವೈದೇಹಿಯವರ ಕತೆಯೊಂದರಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ. ಸೂಲಗಿತ್ತಿಯೊಬ್ಬಳು ಅದರ ಹೆಂಗಸರ ಗೇಟಿನಲ್ಲಿ ನಿಲ್ಲುತ್ತಾಳೆ, ಊರ ಹೆಂಗಸರು ಹೊಸ್ತಿಲು ದಾಟಿ ಕತ್ತಲಲ್ಲಿ ಒಟ್ಟಿಗೆ ಕೂರಲು ಕಲಿಯುತ್ತಾರೆ. 2008ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ‘ಗುಲಾಬಿ ಟಾಕೀಸ್’ ಎಂದು ತೆರೆಗೆ ತಂದಾಗ ಕಾಲವನ್ನು 1990ರ ದಶಕದ ಕೊನೆಗೆ ಒಯ್ದರು. ಗುಲಾಬಿ ಮೊಗವೀರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿಯಾದಳು. ಅವಳ ಗುಡಿಸಲಿಗೆ ಡಿಶ್ ಆಂಟೆನಾದ ಟಿವಿ ಬರುತ್ತದೆ, ಕೇರಿಯ ಹೆಂಗಸರು ಮೆಲ್ಲಮೆಲ್ಲನೆ ಒಳಗೆ ಬರುತ್ತಾರೆ. ಆ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಮೂಲ ಕತೆಯ ನವಿರುತನ ಚಿತ್ರದಲ್ಲಿ ಕಳೆದುಹೋಯಿತು ಎಂದು ಕೆಲವರು ದೂರಿದ್ದುಂಟು. ನನಗೆ ಹಾಗನಿಸಲಿಲ್ಲ. ಕಾಸರವಳ್ಳಿಯವರು ಆ ಟಿವಿಯ ಸುತ್ತ ಸಮುದ್ರವನ್ನು ತಂದರು. ದೊಡ್ಡ ಬಂಡವಾಳದ ಬೋಟುಗಳು ಸಣ್ಣ ದೋಣಿಯವರ ಮೀನನ್ನು ದೋಚುತ್ತವೆ. ಆ ಹೊಟ್ಟೆಯ ಸಿಟ್ಟಿಗೆ ಹೆಸರು ಬೇಕು. ಬಂಡವಾಳವೆಂಬ ಹೆಸರು ಕಣ್ಣಿಗೆ ಕಾಣುವುದಿಲ್ಲ, ನೆರೆಮನೆಯ ಗುಲಾಬಿ ಕಾಣುತ್ತಾಳೆ. ಕೇರಿಯ ಮಕ್ಕಳನ್ನು ಈ ಲೋಕಕ್ಕೆ ತಂದ ಕೈಯ ಹೆಂಗಸು ಕೊನೆಗೆ ಕೇರಿ ಬಿಡಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಆರ್ಥಿಕ ಪೈಪೋಟಿ ಧರ್ಮದ ಬಟ್ಟೆ ತೊಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಬರಹ ನಾನು ಓದಿಲ್ಲ. ಚಿತ್ರದಲ್ಲಿ ನನಗೊಂದು ಕೊರತೆಯೂ ಕಂಡಿತು. ಗುಲಾಬಿ ಹೋಗುವಾಗ ಆ ಹೆಂಗಸರಲ್ಲಿ ಯಾರೂ ತಡೆಯಲಿಲ್ಲವೇಕೆ ಎಂಬ ಪ್ರಶ್ನೆಯನ್ನು ಚಿತ್ರ ಇನ್ನಷ್ಟು ನಿಷ್ಠುರವಾಗಿ ಕೇಳಬಹುದಿತ್ತು. ಒಟ್ಟಿಗೆ ಕುಳಿತು ನೋಡುವುದು ಒಟ್ಟಿಗೆ ನಿಲ್ಲುವುದಲ್ಲ.

ಇದು ಬರಿಯ ಸಿನೆಮಾ ಎನ್ನುವವರು 2022ನ್ನು ನೆನೆಯಲಿ. ಆ ಮಾರ್ಚಿನಲ್ಲಿ ಕಾಪುವಿನ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಅಂಗಡಿ ಹಾಕಲು ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂದಾಯಿತು. ಬಳೆ, ಆಟಿಕೆ, ಹಣ್ಣು ಮಾರುವ ಸಣ್ಣ ವ್ಯಾಪಾರ. ವರ್ಷದ ನಾಲ್ಕು ಜಾತ್ರೆಗಳಲ್ಲಿ ಹೊಟ್ಟೆ ಹೊರೆಯುವವರು. ಕಾಪುವಿನಿಂದ ಸ್ವಲ್ಪವೇ ದೂರದ ಮೂಲ್ಕಿಯ ಬಪ್ಪನಾಡಿನ ದುರ್ಗೆಯ ಐತಿಹ್ಯದಲ್ಲಿ ಬಪ್ಪ ಬ್ಯಾರಿಯಿದ್ದಾನೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಜನವರಿಯಲ್ಲಿ ಎಲ್ಲ ಜಾತಿಯ ತಾಯಂದಿರು ಹರಕೆ ಹೊತ್ತು ಹೋಗುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಇವೂ ಸಂಪ್ರದಾಯವೇ. ಹಾಗಾಗಿ ಸಂಪ್ರದಾಯ ಗೆದ್ದಿತು ಎಂದು ಯಾರಾದರೂ ಹೇಳಿದರೆ, ಯಾವ ಸಂಪ್ರದಾಯ ಎಂದು ಮರುಪ್ರಶ್ನೆ ಕೇಳಬೇಕು.

ಅದೇ ವರ್ಷದ ಆರಂಭದಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಹಿಜಾಬಿನ ಪ್ರಶ್ನೆ ದೇಶದ ಪ್ರಶ್ನೆಯಾಯಿತು. ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಬಟ್ಟೆಯ ಬಗ್ಗೆ ನಿಮಗೂ ನನಗೂ ಬೇರೆ ಬೇರೆ ಅಭಿಪ್ರಾಯವಿರಬಹುದು. ಆದರೆ 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ ಹೆಂಗಸರಿಗಾಗಿ ಆಸ್ಪತ್ರೆ ತೆರೆದ ಊರು ಇದು. ಬಾಗಿಲು ತೆರೆಯುವುದರಲ್ಲಿ ಹೆಸರು ಮಾಡಿದ ಊರಿನಲ್ಲಿ ಪರೀಕ್ಷೆಯ ತಿಂಗಳಲ್ಲಿ ಹುಡುಗಿಯರು ಗೇಟಿನ ಹೊರಗೆ ನಿಂತಿದ್ದರು. ಒಂದು ಕಡೆಯವರು ಧರ್ಮವೆಂದರು, ಇನ್ನೊಂದು ಕಡೆಯವರು ಶಿಸ್ತು ಎಂದರು. ನಷ್ಟವಾದದ್ದು ಪಾಠ.

ಉಡುಪಿಯಿಂದ ಐದಾರು ಕಿಲೋಮೀಟರು ಗುಡ್ಡ ಹತ್ತಿದರೆ ಮಣಿಪಾಲ. ಅಲ್ಲಿ ರಾತ್ರಿ ಹತ್ತಕ್ಕೆ ಹುಡುಗ-ಹುಡುಗಿಯರು ಒಟ್ಟಿಗೆ ಐಸ್‌ಕ್ರೀಮು ತಿನ್ನುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಹಾಗಾದರೆ ಅದೇ ನಮ್ಮ ಉದಾರ ಪ್ರದೇಶವೇ? 1953ರಲ್ಲಿ ಖಾಸಗಿಯವರಿಂದ ವೈದ್ಯಕೀಯ ಕಾಲೇಜು ಎಂಬ ಹೊಸ ಸಾಹಸ ಅಲ್ಲಿ ಆರಂಭವಾದದ್ದು ದೊಡ್ಡ ಸಂಗತಿ. ನಮ್ಮ ಹಳ್ಳಿಗಳ ಎಷ್ಟೋ ಜೀವಗಳು ಅಲ್ಲಿ ಉಳಿದಿವೆ. ಆದರೆ ದುಡ್ಡಿದ್ದವರ ಸ್ವಾತಂತ್ರ್ಯವನ್ನು ಊರಿನ ಔದಾರ್ಯವೆಂದು ನಾನು ಕರೆಯಲಾರೆ. ಸಾಧಾರಣ ಮನೆಯ ಹುಡುಗಿಯರಿಗೆ ವೈದ್ಯಕೀಯ, ಇಂಜಿನಿಯರಿಂಗ್ ಸೀಟಿನ ಬಾಗಿಲನ್ನು ಅಗಲ ಮಾಡಿದ್ದು ಸಿಇಟಿ. ಅದು ಬಂದದ್ದು ಕಾರ್ಕಳದ ಶಾಸಕ ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದ 1992–94ರ ಅವಧಿಯಲ್ಲಿ. ಗುಡ್ಡದ ಮೇಲಿನ ಪೇಟೆ ಕೊಡುವ ಬಿಡುವಿಗೂ ಕಾನೂನು ಕೊಡುವ ಹಕ್ಕಿಗೂ ಇರುವ ವ್ಯತ್ಯಾಸವನ್ನು ನಾವು ಮರೆಯಬಾರದು.

ಈ ವ್ಯತ್ಯಾಸ ಬಸ್ ಸ್ಟ್ಯಾಂಡಿನಲ್ಲೂ ಕಾಣುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಘಟ್ಟದ ಮೇಲೆ ತಾಯಂದಿರು ತವರಿಗೆ ಹೊರಟರು, ಹುಡುಗಿಯರು ಕಾಲೇಜಿಗೆ ಹೊರಟರು. ಇಲ್ಲಿ? ಕಾರ್ಕಳಕ್ಕೆ, ಕಾಪುವಿಗೆ, ಮಣಿಪಾಲಕ್ಕೆ ಓಡುವ ಬಸ್ಸುಗಳು ಹೆಚ್ಚಿನವು ಖಾಸಗಿಯವು. ನಮ್ಮ ಹಿರಿಯರ ಉದ್ಯಮಶೀಲತೆಯ ಫಲವದು, ಬಸ್ಸುಗಳೂ ಬೇಕಷ್ಟಿವೆ. ಆದ್ದರಿಂದಲೇ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸು ಟಿಕೇಟಿಗೆ ಹಣ ಕೊಟ್ಟೇ ಹತ್ತಬೇಕು. ‘ನಮಗೆ ಸರಕಾರದ ಹಂಗಿಲ್ಲ’ ಎಂದು ಗಂಡಸರು ಎದೆ ತಟ್ಟಿಕೊಳ್ಳುವಾಗ ಆ ಹಂಗಿಲ್ಲದ ಬೆಲೆಯನ್ನು ಸೆರಗಿನ ಗಂಟಿನಿಂದ ತೆರುವವರು ಬೇರೆಯವರು.

ಆದುದರಿಂದ ಊರನ್ನು ಅಳೆಯುವಾಗ ಮತಪೆಟ್ಟಿಗೆಯನ್ನೂ ತಲಾ ಆದಾಯವನ್ನೂ ನೋಡಿ ಎದ್ದುಬಿಡಬೇಡಿ. ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿ. ಮಗಳ ಚಿನ್ನಕ್ಕೆ ಖರ್ಚಾದದ್ದೆಷ್ಟು, ಓದಿಗೆ ಖರ್ಚಾದದ್ದೆಷ್ಟು ಎಂದು ಲೆಕ್ಕ ಹಾಕಿ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಸಭೆಯಲ್ಲಿ ಮಾತಾಡುವವಳು ಅಧ್ಯಕ್ಷೆಯೋ, ಬಾಗಿಲ ಬಳಿ ನಿಂತ ಅವಳ ಗಂಡನೋ ಎಂದು ಗಮನಿಸಿ. ಜಾತ್ರೆಯಲ್ಲಿ ಬಳೆ ಕೊಳ್ಳುವಾಗ ಬಳೆಗಾರನ ಹೆಸರು ಕೇಳಬೇಕೆಂದು ಯಾರಾದರೂ ಹೇಳಿದರೆ, ಕೈ ಚಾಚುವುದು ನಾವು, ಕೇಳಬೇಕೋ ಬೇಡವೋ ನಿರ್ಧರಿಸುವವರೂ ನಾವೇ ಎಂದು ಹೇಳಿಬಿಡಿ. ನಮ್ಮ ಹಿರಿಯರು ಎರಡಾಣೆಯನ್ನು ದಿನಾ ಜೋಡಿಸಿಟ್ಟು ಮನೆ ಉಳಿಸಿದರು. ಇದೂ ಅಂಥದೇ ಕೆಲಸ, ದಿನಾ ಮಾಡಬೇಕಾದದ್ದು.